ಹೊಟ್ಟೆಯ ನೀರು

"ಏಯ್, ಅವನ ಅಂಗಿ ಮೇಲೆತ್ತೇ! ಮದುಮಗಳ ಥರ ಮುಚ್ಕೊಂಡು ಕೂತಿದಾನೆ, ಬೋಳಿಮಗ."

ವಾರ್ಡಿನ ಆಳು ಗದರಿದ ಕೂಡಲೇ ಅವಳ ಕೈ ಗಂಡನ ಅಂಗಿಯ ಗುಂಡಿಗೆ ಹೋಯಿತು. ಇಟ್ಟಿಗೆ ಹೊತ್ತು ಒಡೆದ ಬೆರಳುಗಳಲ್ಲಿ ಗುಂಡಿ ನಿಲ್ಲುತ್ತಿರಲಿಲ್ಲ. ಅಂಗಿ ಸರಿದಾಗ ಬಿಗಿದು ಹೊಳೆಯುವ ಹೊಟ್ಟೆ ಕಂಡಿತು. ಹೊಕ್ಕುಳು ಹೊರಗೆ ಚಾಚಿತ್ತು. ಅವನು ದಿಂಬಿಗೊರಗಿ ಬಾಯಲ್ಲಿ ಉಸಿರೆಳೆಯುತ್ತಿದ್ದ.

"ಮೂರು ಹೆತ್ತೆಯಲ್ಲೇ," ಅಂದ ತಡೆತಡೆದು, "ಹೆಂಗೆ ತಡ್ಕೊಂಡೆ? ನಂಗೆ ಇದೊಂದೇ ಸಾಕಾಯ್ತು."

"ಸುಮ್ನಿರು. ಕೇಳಿಸ್ಕೊಂಡ್ರೆ ಓಡಿಸಿಬಿಡ್ತಾರೆ."

ಬಂದಾಗಿನಿಂದ ಅವಳಿಗೆ ಅದೇ ಭಯ. ಇಟ್ಟಿಗೆ ಭಟ್ಟಿಗೆ ಡಾಕ್ಟರಿ ಕಾಲೇಜಿನ ವ್ಯಾನು ಬಂದಿತ್ತು. ಬಿಳಿ ಕೋಟಿನ ಹುಡುಗ ಹುಡುಗಿಯರು ಇಳಿದು ಕೆಲಸದವರ ನಾಲಗೆ, ಕಣ್ಣು ನೋಡಿದ್ದರು. ಅವರಲ್ಲೊಬ್ಬಳು ಕನ್ನಡಕದ ಹುಡುಗಿ ಮಣ್ಣಿನಲ್ಲೇ ಕುಕ್ಕರಗಾಲಲ್ಲಿ ಕೂತು, "ನೀರು ತುಂಬಿದೆ ಅಣ್ಣ. ಆಸ್ಪತ್ರೇಲಿ ಸೂಜಿ ಹಾಕಿ ತೆಗೀತಾರೆ, ಹಗುರಾಗ್ತೀರ. ನಾನಿರ್ತೀನಿ," ಅಂದಿದ್ದಳು. ಆ ಮಾತನ್ನೇ ನಂಬಿಕೊಂಡು ಬಂದರು.

ಮಂಚ ಸಿಕ್ಕಿತು, ಸೂಜಿ ಬರಲಿಲ್ಲ. ಗುಂಪು ಗುಂಪಾಗಿ ವಿದ್ಯಾರ್ಥಿಗಳು ಬಂದರು. ಇಟ್ಟಿಗೆ ಬೆಂದಿದೆಯೋ ಇಲ್ಲವೋ ಎಂದು ನೋಡುವವರ ಹಾಗೆ ಹೊಟ್ಟೆ ತಟ್ಟಿದರು, "ಒಳ್ಳೇ ಕೇಸು" ಅಂದುಕೊಂಡು ಹೋದರು. ನಿನ್ನೆ ಅವಳು ಧೈರ್ಯ ಮಾಡಿ ದೊಡ್ಡ ಡಾಕ್ಟರ ಕಾಲ ಬಳಿ ಬಗ್ಗಿದ್ದಳು.

"ಸ್ವಾಮಿ, ನೀರು..."

ಅವರು ಅವಳ ಕಡೆ ನೋಡಲಿಲ್ಲ. ಪಕ್ಕದ ಸಣ್ಣ ಡಾಕ್ಟರಿಗೆ, "ನಾಳೆ ಪರೀಕ್ಷೆ ಮುಗಿಯೋವರೆಗೆ ನೀರು ತೆಗೀಬೇಡಿ. ಹೊಟ್ಟೆ ಇಳಿದ್ರೆ ಹುಡುಗರಿಗೆ ಏನು ತೋರಿಸೋದು?" ಅಂದರು. ಆಮೇಲೆ ಅವಳಿಗೆ: "ಪುಕ್ಕಟೆ ಮಂಚ, ಪುಕ್ಕಟೆ ಊಟ. ಒಂದು ದಿನ ತಡ್ಕೊಳೋಕಾಗಲ್ವೇನೇ? ಬೇಡ ಅಂದ್ರೆ ಎಬ್ಬಿಸ್ಕೊಂಡು ಹೋಗು."

ಎಲ್ಲಿಗೆ ಹೋಗುವುದು?

ಇವತ್ತು ಬೆಳಗಿನಿಂದ ವಿದ್ಯಾರ್ಥಿಗಳ ಪರೀಕ್ಷೆ. ಒಬ್ಬ ಬರುತ್ತಿದ್ದ, ತಟ್ಟುತ್ತಿದ್ದ, "ಪಕ್ಕಕ್ಕೆ ತಿರುಗಿ" ಅನ್ನುತ್ತಿದ್ದ, ಮತ್ತೆ ತಟ್ಟುತ್ತಿದ್ದ. ಗಂಟೆ ಹೊಡೆದರೆ ಇನ್ನೊಬ್ಬ. ಪ್ರತಿ ಸಲ ತಿರುಗಿದಾಗಲೂ ಗಂಡನ ಉಸಿರು ಎಲ್ಲೋ ಸಿಕ್ಕಿಕೊಂಡು, ಗೊರಗೊರ ಅಂದು, ಕಷ್ಟಪಟ್ಟು ಹೊರಗೆ ಬರುತ್ತಿತ್ತು. ಈಗ ಅವನು ತಮಾಷೆ ಮಾಡುವುದನ್ನು ನಿಲ್ಲಿಸಿದ್ದ. ತುಟಿ ನೇರಳೆಗಟ್ಟಿತ್ತು.

ಮುಂದಿನ ಸರದಿ ಕನ್ನಡಕದ ಹುಡುಗಿಯದು. ಗುರುತು ಹಿಡಿದಳು, ಹಿಡಿದದ್ದು ಮುಖದಲ್ಲಿ ಕಂಡಿತು. ಆದರೂ ಕಣ್ಣು ತಗ್ಗಿಸಿ, "ಅಣ್ಣ, ಪಕ್ಕಕ್ಕೆ ತಿರುಗಿ," ಅಂದಳು.

ಅವನು ಮಂಚದ ಕಂಬಿ ಹಿಡಿದು ಎಳೆದುಕೊಂಡ. ಆಗಲಿಲ್ಲ. ಹುಡುಗಿ ತಿರುಗಿಸಲು ಭುಜಕ್ಕೆ ಕೈ ಹಾಕಿದಳು.

ಹೆಂಡತಿ ಆ ಹುಡುಗಿಯ ಮಣಿಕಟ್ಟನ್ನು ಹಿಡಿದುಬಿಟ್ಟಳು.

"ನೀನೇ ಅಲ್ವೇನವ್ವ ಕರ್ಕೊಂಡು ಬಂದಿದ್ದು?"

"ಅಮ್ಮ, ಬಿಡಿ... ನನ್ನ ಪರೀಕ್ಷೆ..."

"ಅವನು ಸಾಯ್ತಾ ಇದಾನೆ."

ಅಂಕ ಹಾಕಲು ಮೇಜಿನ ಹಿಂದೆ ಕೂತಿದ್ದ ದೊಡ್ಡ ಡಾಕ್ಟರು ಎದ್ದರು. "ಬಿಡೇ ಕೈ! ಮೈಮೇಲೆ ಜ್ಞಾನ ಇದೆಯಾ? ಈಗಲೇ ಹೊರಗೆ ಹಾಕಿಸ್ತೀನಿ ಇಬ್ಬರನ್ನೂ."

ಅವಳು ಭಟ್ಟಿಯ ಮಾಲೀಕನೆದುರು ಯಾವತ್ತೂ ತಲೆಯೆತ್ತಿದವಳಲ್ಲ.

"ಹಾಕಿಸಿ. ನೀರು ತೆಗೆದ ಮೇಲೆ ಹೊರಗೆ ಹಾಕಿಸಿ. ಅಲ್ಲೀವರೆಗೆ ಈ ಮೈ ಯಾವಳೂ ಮುಟ್ಟಂಗಿಲ್ಲ, ಯಾವನೂ ಮುಟ್ಟಂಗಿಲ್ಲ."

ಆಳು ಹಿಂದಿನಿಂದ ಬಂದು ಅವಳ ಜಡೆಗೆ ಕೈ ಹಾಕಿದ. ಕತ್ತು ಹಿಂದಕ್ಕೆ ಬಾಗಿತು, ಹಿಡಿತ ಸಡಿಲಲಿಲ್ಲ. ಹುಡುಗಿ ಅಳುತ್ತಿದ್ದಳು, ಕೈ ಮಾತ್ರ ಎಳೆದುಕೊಳ್ಳಲಿಲ್ಲ.

ಗಂಟೆ ಹೊಡೆಯಿತು. ಮುಂದಿನ ಹುಡುಗ ಒಳಗೆ ಕಾಲಿಟ್ಟು ಅಲ್ಲೇ ನಿಂತ. ಮಂಚದ ಮೇಲೆ ಒಂದು ಉಸಿರು ಹೊರಗೆ ಹೋಯಿತು. ಎಲ್ಲರೂ ಅತ್ತ ತಿರುಗಿ, ಇನ್ನೊಂದು ಬರುವುದನ್ನೇ ಕಾಯತೊಡಗಿದರು.