ನನ್ನ ಎಡಕ್ಕೆಳೆಯುವ ಚಾಳಿ

ನಾನು ಒಂದು ಗೇಮ್ ಕಂಟ್ರೋಲರ್. ಟಿ.ವಿ. ಮುಂದೆ ಕೂತು ಆಡುವವರು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾರಲ್ಲ, ಅದೇ. ಮೈಬಣ್ಣ ಕಪ್ಪು, ಎದೆಯ ಮೇಲೆ ಹತ್ತಾರು ಗುಂಡಿ, ಎರಡು ಹೆಬ್ಬೆರಳಿಗೆ ಎರಡು ಸ್ಟಿಕ್ಕು, ಬೆನ್ನಿಂದ ಹೊರಟ ಒಂದು ವೈರು. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಈ ಮಾತು ಹೇಳುವಾಗಲೂ ಒಳಗೆ ಏನೋ ಎಳೆಯುತ್ತಲೇ ಇದೆ. ಅಲ್ಲಲ್ಲಿ ಅವಸರ ಮಾಡಿದರೆ ಬೇಸರಪಡಬೇಡಿ.

ಹುಟ್ಟಿದ್ದು ದೂರದ ಯಾವುದೋ ಕಾರ್ಖಾನೆಯಲ್ಲಿ. ಊರ ಹೆಸರು ಕೇಳಿದರೆ ಹೇಳಲಾರೆ, ಲೋಕ ಕಾಣುವ ಮೊದಲೇ ಡಬ್ಬಿಗೆ ತುಂಬಿಬಿಟ್ಟರು. ನೆನಪಿರುವುದು ಕೊನೆಯ ಮೇಜೊಂದೇ. ಅಲ್ಲಿ ಕೂತಿದ್ದ ಹೆಂಗಸು ನನ್ನ ಸ್ಟಿಕ್ಕನ್ನು ನಾಲ್ಕೂ ದಿಕ್ಕಿಗೆ ದೂಡಿ, ಬಿಟ್ಟು, ಎದುರಿನ ಪರದೆ ನೋಡಿದಳು. ಪರದೆಯ ಮೇಲಿನ ಚುಕ್ಕಿ ಓಡಿಬಂದು ನಟ್ಟನಡುವೆ ನಿಂತಿತು. ಅವಳು ತಲೆಯಾಡಿಸಿ ಮುದ್ರೆ ಒತ್ತಿದಳು. ನನ್ನ ವಿದ್ಯಾಭ್ಯಾಸವೆಲ್ಲ ಅಷ್ಟೇ: ಯಾರು ಎತ್ತ ದೂಡಿದರೂ, ಬಿಟ್ಟ ಕೂಡಲೇ ನಡುವಿಗೆ ಬಂದು ನಿಲ್ಲಬೇಕು.

ಸ್ಟಿಕ್ಕಿನ ಬುಡದಲ್ಲಿ ಒಂದು ತೆಳುವಾದ ಕಪ್ಪು ಲೇಪವಿದೆ. ಅದರ ಮೇಲೆ ಲೋಹದ ಪುಟ್ಟ ನಾಲಗೆಯೊಂದು ಸವರಿಕೊಂಡು ಓಡಾಡುತ್ತದೆ. ನಾಲಗೆ ಎಲ್ಲಿದೆ ಎಂಬುದನ್ನು ನೋಡಿಯೇ ನಾನು ಟಿ.ವಿ.ಗೆ ಎಡ ಎನ್ನುವುದು, ಬಲ ಎನ್ನುವುದು. ಉಜ್ಜಿದ್ದು ಸವೆಯುತ್ತದೆ ಎಂದು ಮಾತ್ರ ಆ ಹೆಂಗಸು ಹೇಳಿರಲಿಲ್ಲ.

ಮೊದಲ ಮನೆ ಬೆಳಗಾವಿಯ ಕಾಲೇಜು ರಸ್ತೆಯಲ್ಲಿ ಸಾಗರ ಎಂಬಾತ ನಡೆಸುತ್ತಿದ್ದ ಗೇಮಿಂಗ್ ಪಾರ್ಲರು. ನೆಲಮಾಳಿಗೆಯಲ್ಲಿ ಆರು ಟಿ.ವಿ. ಬೆಳಗ್ಗೆ ಹತ್ತಕ್ಕೆ ಶುರುವಾದರೆ ಅಂಗಡಿ ಮುಚ್ಚುವವರೆಗೆ ಒಂದರ ಹಿಂದೊಂದು ಬೆವರುಗೈ. ಫುಟ್‌ಬಾಲ್ ಆಡುವವರು ನನ್ನ ಎಡ ಸ್ಟಿಕ್ಕನ್ನು ಬಲವಾಗಿ ಒತ್ತುತ್ತಿದ್ದರು, ಜೋರಾಗಿ ಒತ್ತಿದರೆ ಆಟಗಾರ ಜೋರಾಗಿ ಓಡುತ್ತಾನೆಂದೇ ಅವರ ನಂಬಿಕೆ. ಚಿಪ್ಸಿನ ಮಸಾಲೆ ನನ್ನ ಸಂದಿಗೊಂದಿಗಳಿಗೆಲ್ಲ ಇಳಿಯಿತು. ಗೆದ್ದರೆ ಜಾಣ್ಮೆ ಅವರದು. ಸೋತರೆ ಅತ್ತೆ ಮೇಲಿನ ಸಿಟ್ಟು ಕೊತ್ತಿ ಮೇಲೆ, ನನ್ನನ್ನೇ ತೊಡೆಗೆ ಬಡಿಯುತ್ತಿದ್ದರು.

ಒಂದೂವರೆ ವರ್ಷ ಕಳೆದಿರಬೇಕು. ಒಂದು ಸಂಜೆ ಆಡುವವನೊಬ್ಬ ನನ್ನನ್ನು ಮಡಿಲಲ್ಲಿಟ್ಟು ನೀರು ಕುಡಿಯುತ್ತಿದ್ದ. ಟಿ.ವಿ.ಯಲ್ಲಿ ಅವನ ಆಟಗಾರ ತಾನಾಗಿಯೇ ಎಡಕ್ಕೆ ನಡೆಯತೊಡಗಿದ.

“ಸಾಗರ, ಇದಕ್ಕ ಡ್ರಿಫ್ಟ್ ಬಂದೈತಿ, ತಾನ ಜಾರತೈತಿ. ಬ್ಯಾರೆ ಕೊಡು” ಎಂದು ಅವನು ನನ್ನನ್ನು ಬದಿಗೆ ಸರಿಸಿದ.

ನನಗಾದ ನಾಚಿಕೆ ಹೇಳತೀರದು. ನಾನು ಬೇಕೆಂದೇ ಸುಳ್ಳು ಹೇಳಿದ್ದರೆ ಮಾತು ಬೇರೆ. ನನ್ನ ಮಟ್ಟಿಗೆ ನಾನು ನಡುವಿನಲ್ಲೇ ನಿಂತಿದ್ದೆ. ಒಳಗೆ ಸವೆದ ಜಾಗದಲ್ಲಿ ನಾಲಗೆ ತಡವರಿಸಿ ಎಡ ಎಡ ಎನ್ನುತ್ತಿತ್ತು. ಅಂದಿನಿಂದ ಶುರುವಾದ ಚಡಪಡಿಕೆ ಇದು. ನೆಟ್ಟಗಿದ್ದೇನೆ ಎಂದುಕೊಂಡಾಗಲೆಲ್ಲ, ಇದ್ದೇನೆಯೇ ಎಂಬ ಅನುಮಾನ.

ಸಾಗರ ನನ್ನನ್ನು ಖಡೇಬಜಾರಿನ ರಿಪೇರಿಯವನಾದ ನಾರ್ವೇಕರನಿಗೆ ಮಾರಿಬಿಟ್ಟ. ನಾರ್ವೇಕರ ನನ್ನ ಹೊಟ್ಟೆ ಬಿಚ್ಚಿ, ಸ್ಟಿಕ್ಕಿನ ಬುಡಕ್ಕೆ ಏನೋ ಘಾಟಿನ ದ್ರವ ಹೊಡೆದು, ಗರಗರ ತಿರುಗಿಸಿ, ಮುಚ್ಚಿದ. ಕೊಳೆ ಹೋಯಿತು, ನಾನು ಮತ್ತೆ ನಡುವಿಗೆ ಬಂದೆ. ಆದರೆ ಸವೆದದ್ದು ಸವೆದೇ ಇತ್ತು. ಹೊಸ ಸ್ಟಿಕ್ಕು ಕೂಡಿಸದೆ ಇದು ಕೆಲವೇ ತಿಂಗಳ ಮಾತು ಎಂದು ಅವನಿಗೂ ಗೊತ್ತಿತ್ತು. ನಜ್ಮಾ ಮೇಡಂ ಅಂಗಡಿಗೆ ಬಂದು ಕೇಳಿದಾಗ ಅವನು “ಚೊಲೋ ಐತ್ರಿ” ಎಂದನೇ ಹೊರತು ಹೆಚ್ಚು ಬಾಯಿ ಬಿಡಲಿಲ್ಲ. ನನಗೆ ಬಾಯಿಯೇ ಇಲ್ಲ.

ನಜ್ಮಾ ಮೇಡಂ ಫಿಜಿಯೋಥೆರಪಿ ಮಾಡುವವರು. ಶಹಾಪುರದಲ್ಲಿ ಎರಡು ಕೋಣೆಯ ಕ್ಲಿನಿಕ್ಕು. ಲಕ್ವಾ ಹೊಡೆದು ಕೈ ಸೋತವರಿಗೆ ರಬ್ಬರ್ ಚೆಂಡು ಹಿಸುಕಿ ಹಿಸುಕಿ ಬೇಸರ ಬರುತ್ತದೆಂದು ಅವರು ಒಂದು ದೋಣಿಯ ಆಟ ಹಾಕಿಸಿದ್ದರು. ಪರದೆಯ ಮೇಲೆ ನದಿ. ಸ್ಟಿಕ್ಕಿನಿಂದ ದೋಣಿಯನ್ನು ನಡುನೀರಿನಲ್ಲಿ ಒಂದು ನಿಮಿಷ ನಡೆಸಬೇಕು. ದಡಕ್ಕೆ ಬಡಿದ ದೋಣಿ ಮತ್ತೆ ನಡುವಿಗೆ ಬರುತ್ತದೆ, ನಿಮಿಷ ಮುಗಿದರೂ ಆಟದ ಸ್ವಿಚ್ಚು ಆರಿಸುವ ತನಕ ಓಡುತ್ತಲೇ ಇರುತ್ತದೆ. ದಡಕ್ಕೆ ಎಷ್ಟು ಸಲ ಬಡಿಯಿತೆಂದು ಮೇಡಂ ವಹಿಯಲ್ಲಿ ಬರೆದಿಡುತ್ತಿದ್ದರು. ಬಲಗೈ ಸೋತವರಿಗೆ ಬಲ ಸ್ಟಿಕ್ಕು, ಎಡಗೈಯವರಿಗೆ ಎಡ. ಆ ದಿನಗಳಲ್ಲಿ ಎಡಗೈಯವರೆಂದು ಬಂದವರು ಭರಮಣ್ಣ ಒಬ್ಬರೇ.

ಭರಮಣ್ಣನವರಿಗೆ ಐವತ್ತೆರಡು. ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಇಪ್ಪತ್ತಾರು ವರ್ಷ ಕ್ರೇನ್ ನಡೆಸಿದವರು. ಸೂರಿನ ಕೆಳಗಿನ ಕ್ಯಾಬಿನ್ನಿನಲ್ಲಿ ಕೂತು, ಕರಗಿದ ಕಬ್ಬಿಣ ತುಂಬಿದ ದೊಡ್ಡ ಬಕೆಟ್ಟನ್ನು ಭಟ್ಟಿಯಿಂದ ಅಚ್ಚುಗಳ ತನಕ ಒಯ್ಯುವ ಕೆಲಸ. ಕ್ರೇನನ್ನು ಆಚೀಚೆ ಸರಿಸುವ ಲಿವರು ಎಡಗೈಗೆ. ಲಕ್ವಾ ಹೊಡೆದದ್ದೂ ಎಡಗೈಗೇ. ದೊಡ್ಡ ಡಾಕ್ಟರು ತಲೆ, ಕಣ್ಣು, ಬಿ.ಪಿ. ಎಲ್ಲ ನೋಡಿ ಸರಿಯಿದೆ ಎಂದಿದ್ದರು. ಉಳಿದದ್ದು ಕೈಯೊಂದು. ದೀಪಾವಳಿ ಪಾಡ್ಯದೊಳಗೆ ನಜ್ಮಾ ಮೇಡಂ ಕೈಯಿಂದ ಪತ್ರ ತಂದರೆ ಕ್ಯಾಬಿನ್ನು ನಿಮ್ಮದೇ, ಇಲ್ಲದಿದ್ದರೆ ಬೇರೆಯವರನ್ನು ಹತ್ತಿಸುತ್ತೇನೆ ಎಂದು ಮಾಲಕರು ಹೇಳಿಬಿಟ್ಟಿದ್ದರು.

ಮೊದಲ ದಿನ ಅವರ ಎಡ ಹೆಬ್ಬೆರಳು ತಾನಾಗಿ ಏಳಲಿಲ್ಲ. ಬಲಗೈಯಿಂದ ಎತ್ತಿ ನನ್ನ ಮೇಲೆ ಇಟ್ಟುಕೊಂಡರು. ತಣ್ಣನೆಯ ಬೆರಳು. ಪಾರ್ಲರಿನ ಬಿಸಿ ಬೆರಳುಗಳ ದರ್ಪ ಕಂಡ ನನಗೆ ಅದರ ಮೇಲೆ ಎಲ್ಲಿಲ್ಲದ ಕರುಣೆ ಬಂತು. ದೋಣಿ ದಡಕ್ಕೆ ಬಡಿದದ್ದು ಇಪ್ಪತ್ತಾರು ಸಲ. ಅವರು ದಿನಾ ಬಂದರು. ಹೆಂಡತಿ ಶೇವಂತಾ ಬಸ್ಸಿನಲ್ಲಿ ಕರೆತಂದು, ಹೊರಗಿನ ಬೆಂಚಿನ ಮೇಲೆ ಮೆಂತೆ ಸೊಪ್ಪು ಸೋಸುತ್ತ ಕೂರುತ್ತಿದ್ದರು. ಎರಡು ತಿಂಗಳಿಗೆ ಬಡಿತ ಹನ್ನೊಂದಕ್ಕೆ ಇಳಿಯಿತು, ಆಮೇಲೆ ನಾಲ್ಕಕ್ಕೆ. ಆ ದಿನ ಶೇವಂತಾ ಬೆಳಗಾವಿ ಕುಂದಾ ತಂದು ಮೇಡಂಗೆ ತಿನ್ನಿಸಿದರು.

ಅಷ್ಟರಲ್ಲಿ ನನ್ನ ಗ್ರಹಚಾರ ಕೆಟ್ಟಿತು. ನಾರ್ವೇಕರನ ದ್ರವದ ಮಹಿಮೆ ಮುಗಿದು, ಒಳಗಿನ ನಾಲಗೆ ಮತ್ತೆ ಎಡ ಎನ್ನತೊಡಗಿತು. ಮೊದಲು ಕೂದಲೆಳೆಯಷ್ಟು, ಆಮೇಲೆ ಜಾಸ್ತಿ. ನಾಲ್ಕಿದ್ದ ಬಡಿತ ಆರಾಯಿತು, ಒಂಬತ್ತಾಯಿತು, ಹದಿಮೂರಾಯಿತು. ದೋಣಿ ಎಡಕ್ಕೆ ಜಾರಿದ ಕೂಡಲೇ ಭರಮಣ್ಣ ಹೆದರಿ ಬಲಕ್ಕೆ ತಳ್ಳುತ್ತಿದ್ದರು. ತಳ್ಳಿದ್ದು ಹೆಚ್ಚಾಗಿ ಬಲದಂಡೆಗೆ ಹೊಡೆಯುತ್ತಿತ್ತು. ಆ ಬೆರಳು ಗುಣವಾಗಿತ್ತು. ನನ್ನ ಮೇಲೆ ಅದರ ಬಿಸಿ ನನಗೆ ಗೊತ್ತಾಗುತ್ತಿತ್ತು. ಕೆಟ್ಟವನು ನಾನು, ಹೆಸರು ಕೆಡುತ್ತಿದ್ದುದು ಅದರದು. ಹೇಳೋಣವೆಂದರೆ ಹೇಗೆ ಹೇಳಲಿ?

ಮೇಡಂಗೆ ಒಮ್ಮೆ ಅನುಮಾನ ಬಂದಿತ್ತು. “ಭರಮಣ್ಣಾರ, ಈ ಕಂಟ್ರೋಲರ್‌ದಾಗ ಏನಾರ ಹೆಚ್ಚುಕಮ್ಮಿ ಆಗೇತೇನ್ರಿ?”

“ಬ್ಯಾಡ್ರಿ ಮೇಡಂ” ಎಂದರು ಭರಮಣ್ಣ. “ಕುಣಿಯಾಕ ಬರದಾಕಿ ನೆಲ ಡೊಂಕ ಅಂದಳಂತ. ನನಗ ಕೆಲಸ ಕಲಿಸಿದ ವಸ್ತಾದ ಕ್ಯಾಬಿನ್ ಹತ್ತಿಸಿದ ದಿನಾನ ಹೇಳಿದ್ದ, ಮಷೀನ್ ಮ್ಯಾಲೆ ತಪ್ಪ ಹಾಕೋದು ಕೈಲಾಗದವರ ಮಾತು ಅಂತ. ನನ್ನ ಕೈನ ಸರಿ ಇಲ್ಲ.”

ಆದರೂ ಮೇಡಂ ನನ್ನನ್ನು ಎತ್ತಿಕೊಂಡು ತಾವೇ ಒಂದು ಸುತ್ತು ಆಡಿದರು. ಗಟ್ಟಿಮುಟ್ಟಾದ ಬೆರಳಿಗೆ ನನ್ನ ಎಳೆತ ಯಾವ ಲೆಕ್ಕ? ಅದು ಅರಿವಿಲ್ಲದೆಯೇ ಸರಿಮಾಡಿಕೊಂಡು ಹೋಯಿತು. “ಚೊಲೋನ ಐತಿ” ಎಂದು ಕೆಳಗಿಟ್ಟರು. ಅಲ್ಲಿಗೆ ಆ ಮಾತು ಮುಗಿಯಿತು.

ನನ್ನನ್ನು ಹಿಡಿಯದೆ ಎರಡು ಕ್ಷಣ ಟಿ.ವಿ. ನೋಡಿದ್ದರೆ ಸಾಕಿತ್ತು, ಎಲ್ಲ ಬಯಲಾಗುತ್ತಿತ್ತು. ಮೇಡಂ ಸ್ವಿಚ್ಚು ಆರಿಸಿದ ಮೇಲೆಯೇ ನನ್ನನ್ನು ಕೆಳಗಿಟ್ಟಿದ್ದರು. ಭರಮಣ್ಣನವರಂತೂ ಎಂದೂ ಅದಕ್ಕೆ ಅವಕಾಶ ಕೊಡುತ್ತಿರಲಿಲ್ಲ. ತೂಗುವ ಭಾರವಿರುವಾಗ ಲಿವರಿನಿಂದ ಕೈ ತೆಗೆಯಬಾರದು, ಕೈ ತೆಗೆಯುವ ಮೊದಲು ಕರೆಂಟು ತೆಗೆಯಬೇಕು, ಅದು ಕ್ರೇನಿನವರ ಶಿಸ್ತು. ಅವರು ದಿನಾ ಬಲಗೈಯಿಂದ ಸ್ವಿಚ್ಚು ಆರಿಸಿ, ಆಮೇಲೆ ಎಡ ಹೆಬ್ಬೆರಳು ಎತ್ತಿ, ನನ್ನನ್ನು ಮೇಜಿನ ಮೇಲೆ ನೆಟ್ಟಗೆ ಇಡುತ್ತಿದ್ದರು. ಎಂಥ ಒಳ್ಳೆಯ ಅಭ್ಯಾಸ! ಅದಕ್ಕೆ ನಾನು ದಿನಾ ಶಾಪ ಹಾಕುತ್ತಿದ್ದೆ.

ಮನೆಯಲ್ಲೂ ಅವರಿಗೆ ಹೆದರಿಕೆ ಹತ್ತಿಕೊಂಡಿತ್ತು. ಚಹದ ಕಪ್ಪನ್ನು ಎಡಗೈಯಲ್ಲಿ ಮುಟ್ಟುವುದನ್ನೇ ಬಿಟ್ಟಿದ್ದಾರೆಂದು ಶೇವಂತಾ ಮೇಡಂ ಮುಂದೆ ಹೇಳಿಕೊಂಡರು. ಮೇಡಂ ಮತ್ತೆ ದೊಡ್ಡ ಡಾಕ್ಟರ ಬಳಿ ಕಳಿಸಿದರು. ಹೊಸದೇನೂ ಆಗಿಲ್ಲ ಎಂದು ಅವರು ಬರೆದುಕೊಟ್ಟರು. ಹಾಗಾದರೆ ಕೈ ಯಾಕೆ ಹಿಂದೆ ಹೋಗುತ್ತಿದೆ ಎಂಬುದು ಯಾರಿಗೂ ತಿಳಿಯಲಿಲ್ಲ. ತಿಳಿದಿದ್ದ ನಾನೊಬ್ಬ ಮೇಜಿನ ಮೇಲೆ ಬಿದ್ದಿದ್ದೆ.

ಪಾಡ್ಯಕ್ಕೆ ನಾಲ್ಕು ದಿನವಿರುವಾಗ ಕೊನೆಯ ಪರೀಕ್ಷೆ. ನಾನು ಎಡಕ್ಕೆ ಹೋಗಬಾರದೆಂದು ಮನಸ್ಸಿನಲ್ಲೇ ಹಲ್ಲು ಕಚ್ಚಿದೆ. ನನ್ನ ಮನಸ್ಸು ಯಾರಿಗೆ ಬೇಕು? ಹದಿನೇಳು ಬಡಿತ. ಮೇಡಂ ಪೆನ್ನು ಹಿಡಿದವರು ಬರೆಯದೆ ಕೂತರು.

“ಬರೀರಿ ಮೇಡಂ, ಕೈ ಹೋತು ಅಂತನ ಬರೀರಿ” ಎಂದರು ಭರಮಣ್ಣ. ದನಿ ಏರಲಿಲ್ಲ. “ಕೆಳಗ ಹನ್ನೆರಡು ಮಂದಿ ನಿಂತಿರ್ತಾರ. ಅವರ ತಲಿ ಮ್ಯಾಲೆ ಕಾದ ಕಬ್ಬಣ ಒಯ್ಯೂ ಕೈ ಅಲ್ಲ ಇದು. ನಾನ ಹೋಗಿ ಮಾಲಕರಿಗೆ ಹೇಳ್ತೀನಿ, ಉಸುಕು ಹೊರೂ ಕೆಲಸ ಕೊಡ್ರಿ ಅಂತ.”

ಅವರು ಎದ್ದರು. ನನ್ನನ್ನು ಕುರ್ಚಿಯ ಮೇಲೆಯೇ ಬಿಟ್ಟರು. ಇಷ್ಟು ದಿನದಲ್ಲಿ ಮೊದಲ ಸಲ ಸ್ವಿಚ್ಚು ಆರಿಸಲಿಲ್ಲ.

ಶೇವಂತಾ ಗಂಡನ ಚೀಲ ತೆಗೆದುಕೊಳ್ಳಲು ಒಳಗೆ ಬಂದರು. ಕಣ್ಣು ತುಂಬಿತ್ತು, ಅದನ್ನು ತೋರಿಸಬಾರದೆಂದು ಟಿ.ವಿ. ಕಡೆ ಮುಖ ತಿರುಗಿಸಿದರು. ಹಾಗೆಯೇ ನಿಂತರು.

“ಅಲ್ರಿ ಮೇಡಂ, ಯಾರೂ ಹಿಡದಿಲ್ಲ. ದೋಣಿ ಯಾಕ ಎಡಕ್ಕ ಹೊಂಟೈತಿ?”

ಮೂವರೂ ನೋಡಿದರು. ದೋಣಿ ಎಡದಂಡೆಗೆ ಬಡಿದು, ನಡುವಿಗೆ ಬಂದು, ಮತ್ತೆ ಎಡಕ್ಕೆ ಹೊರಟಿತು. ಮತ್ತೆ ಬಡಿಯಿತು. ಕುರ್ಚಿಯ ಮೇಲೆ ನಾನು ಒಂಟಿ. ನನ್ನ ಮಾನ ಮೂರು ಕಾಸಿಗೆ ಹರಾಜಾಗುತ್ತಿತ್ತು. ಆದರೂ ಮನಸ್ಸು ಅಷ್ಟು ಹಗುರ ಹುಟ್ಟಿದಂದಿನಿಂದ ಆಗಿರಲಿಲ್ಲ.

ಮೇಡಂ ಪೆನ್ನು ಕೆಳಗಿಟ್ಟರು. “ತಪ್ಪು ನಂದು, ಭರಮಣ್ಣಾರ. ನಾ ಬಿಟ್ಟು ನೋಡಬೇಕಿತ್ತು, ಹಿಡದು ನೋಡಿದೆ. ಒಂದೂವರೆ ತಿಂಗಳು ನಿಮ್ಮನ್ನ ಸುಮ್ಮನ ನೋಯಿಸಿದೆ. ನಾಳೆ ಹೊಸಾದು ತರ್ತೀನಿ.”

ಭರಮಣ್ಣ ನನ್ನ ಕಡೆ ತಿರುಗಿದರು. ಬೈಯುತ್ತಾರೆ, ಎತ್ತಿ ನೆಲಕ್ಕೆ ಅಪ್ಪಳಿಸುತ್ತಾರೆ ಎಂದುಕೊಂಡೆ. ಅದಕ್ಕೆ ನಾನು ತಯಾರಾಗಿಯೇ ಇದ್ದೆ. ಅವರು ಬಂದು ಕೂತು ನನ್ನನ್ನು ಎತ್ತಿಕೊಂಡರು.

“ಇನ್ನೊಮ್ಮೆ ಹಚ್ಚ್ರಿ.”

“ಇದರ ಮ್ಯಾಲ ಬ್ಯಾಡ್ರಿ, ಇದು ಕೆಟ್ಟೈತಿ.”

“ಇದನ್ನ ಹಚ್ಚ್ರಿ ಮೇಡಂ. ಜಗ್ಗೂದು ನನ್ನ ಕೈ ಅಲ್ಲ ಅಂತ ಗೊತ್ತಾತಲ್ಲ. ಇನ್ನ ನೋಡೂಣು.”

ಮೊದಲ ಸುತ್ತಿಗೆ ಎರಡು ಬಡಿತ. ಎರಡನೆಯ ಸುತ್ತಿಗೆ ಒಂದೂ ಇಲ್ಲ. ನಾನೇನು ಸುಧಾರಿಸಿದ್ದೆನೇ? ಎಳ್ಳಷ್ಟೂ ಇಲ್ಲ, ಮೊದಲಿನಂತೆಯೇ ಎಳೆಯುತ್ತಿದ್ದೆ. ಆದರೆ ಆ ಹೆಬ್ಬೆರಳಿನ ಗಾಬರಿ ಹೋಗಿತ್ತು. ನಾನು ಎಷ್ಟು ಎಡಕ್ಕೆಳೆಯುತ್ತೇನೋ ಅಷ್ಟೇ ಬಲಕ್ಕೆ ಒರಗಿ, ಒಂದು ಗುಂಜಿ ಹೆಚ್ಚಿಲ್ಲ, ಒಂದು ಗುಂಜಿ ಕಡಿಮೆಯಿಲ್ಲ, ನಿಂತುಬಿಟ್ಟಿತು. ಕರಗಿದ ಕಬ್ಬಿಣ ಒಯ್ಯುವ ಕೈ ಹೇಗಿರುತ್ತದೆಂದು ನನಗೆ ಆ ಒಂದು ನಿಮಿಷದಲ್ಲಿ ತಿಳಿಯಿತು. ಶೇವಂತಾ ಬಾಗಿಲ ಬಳಿ ಸೆರಗು ಬಾಯಿಗೆ ಹಿಡಿದು ನಿಂತಿದ್ದರು.

ಮರುದಿನ ಹೊಸ ಕಂಟ್ರೋಲರ್ ಬಂತು. ಭರಮಣ್ಣ ಅದನ್ನು ಹಿಡಿದ ಕೂಡಲೇ ದೋಣಿ ಬಲದಂಡೆಗೆ ಹೋಗಿ ಬಡಿಯಿತು. ನನ್ನನ್ನು ತಡೆದು ತಡೆದು ಬೆರಳಿಗೆ ಹಾಗೆ ರೂಢಿಯಾಗಿತ್ತು.

“ಸಹವಾಸದೋಷ ನೋಡ್ರಿ” ಎಂದು ಅವರು ನಕ್ಕರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ನಾಲ್ಕಾರು ಸುತ್ತಿಗೆ ರೂಢಿ ಬಿಟ್ಟಿತು, ದೋಣಿ ನಡುನೀರಿನಲ್ಲಿ ನಿಂತಿತು. ಇನ್ನೆರಡು ದಿನ ಕರೆಸಿ, ಬೇರೆ ಬೇರೆ ರೀತಿ ಕೈ ಪರೀಕ್ಷಿಸಿ, ಪಾಡ್ಯದ ಹಿಂದಿನ ದಿನ ಮೇಡಂ ಪತ್ರ ಬರೆದುಕೊಟ್ಟರು.

ಆ ದಿನವೇ ಅವರು ನನ್ನನ್ನು ಕಸದ ಬುಟ್ಟಿಗೆ ಹಾಕಹೊರಟಿದ್ದರು. ಭರಮಣ್ಣ ತಡೆದರು.

“ಹಂಗ ಒಗಿಬ್ಯಾಡ್ರಿ ಮೇಡಂ. ಯಾರರ ಆರಿಸಿಕೊಂಡು ಹೋಗಿ, ಮತ್ತ ಯಾರದರ ಕೈಗೆ ಕೊಡ್ತಾರ. ನಮ್ಮಲ್ಲೆ ಕೆಟ್ಟ ಸಾಮಾನಕ್ಕ ಚೀಟಿ ಕಟ್ಟತೀವಿ.”

ಒಂದು ರಟ್ಟಿನ ತುಂಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದರು: ಎಡಕ್ಕ ಜಗ್ಗತೈತಿ. ಅದಕ್ಕೆ ತೂತು ಮಾಡಿ, ದಾರ ಪೋಣಿಸಿ, ನನ್ನ ವೈರಿಗೆ ಸುತ್ತಿ ಗಂಟು ಹಾಕಿದರು. ಬಲಗೈ ನನ್ನನ್ನು ಹಿಡಿದಿತ್ತು. ಗಂಟು ಹಾಕಿದ್ದು ಎಡಗೈ.

ಈಗ ನಾನು ಮೇಡಂ ಮೇಜಿನ ಕೆಳಗಿನ ಡ್ರಾವರಿನಲ್ಲಿದ್ದೇನೆ, ಹಳೆಯ ಬ್ಯಾಂಡೇಜು ಸುರುಳಿಗಳ ಪಕ್ಕ. ಚಡಪಡಿಕೆ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಹೊರಗೆ ಆಟ ಶುರುವಾದ ಸದ್ದು ಕೇಳಿದರೆ ಈಗಲೂ ಒಳಗೆ ಏನೋ ಎಡಕ್ಕೆ ಹೊರಡುತ್ತದೆ. ನಡುವಿನಲ್ಲಿ ನಿಲ್ಲು ಎಂದು ಕಲಿಸಿದ ಆ ಮೇಜಿನ ಹೆಂಗಸು ಕಂಡರೆ ಏನೆಂದಾಳೋ. ಡ್ರಾವರು ತೆರೆದಾಗಲೆಲ್ಲ ಮೊದಲು ಕಾಣುವುದು ಚೀಟಿ, ಆಮೇಲೆ ನಾನು. ಮೊನ್ನೆ ಒಬ್ಬ ಹೊಸ ಪೇಷಂಟು ನನ್ನನ್ನು ಎತ್ತಿಕೊಂಡು, ಚೀಟಿ ಓದಿ, ತಮ್ಮ ನಡುಗುವ ಕೈಯನ್ನೊಮ್ಮೆ ನೋಡಿಕೊಂಡು, ನನ್ನನ್ನು ಮೆಲ್ಲಗೆ ವಾಪಸು ಇಟ್ಟರು. ನನ್ನ ತಪ್ಪನ್ನು ಅವರು ತಮ್ಮ ಕೈಯ ಮೇಲೆ ಹೊತ್ತುಕೊಳ್ಳಲಿಲ್ಲ.