ಮೌಲಾಸಾಬನ ಮನಸ್ಸಿನ ಪರೀಕ್ಷೆ

ಆ ದಿನ ಮುಂಜಾನೆ ಹಾವೇರಿಯ ಮೇಲೆ ತೆಳ್ಳನೆ ಮಂಜು ಕೂತಿತ್ತು. ಸೂರ್ಯನಿಗೂ ಏಳುವ ಮನಸ್ಸಿದ್ದಂತಿರಲಿಲ್ಲ. ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಹಮಾಲ ಮೌಲಾಸಾಬ ಹೆಂಡತಿ ಬಿಬಿಜಾನಳ ಹೆಗಲು ಹಿಡಿದು ಆಸ್ಪತ್ರೆಯ ಮೆಟ್ಟಿಲು ಹತ್ತಿದ. ಚೀಲ ಹೊತ್ತು ಹೊತ್ತು ಬೆನ್ನು ಕೆಟ್ಟು ವರ್ಷಗಳಾಗಿದ್ದವು. ಈಗ ನಮಾಜೂ ಕುರ್ಚಿಯ ಮೇಲೆಯೇ. ಹಣೆ ಮತ್ತೊಮ್ಮೆ ನೆಲ ಮುಟ್ಟಬೇಕು, ಅಷ್ಟೇ ಅವನ ಆಸೆ.

"ಆಪರೇಷನ್ನಿಗಿಂತ ಮೊದಲು ಮನಸ್ಸಿನ ಪರೀಕ್ಷೆ ಆಗಬೇಕು, ಮನಸ್ಸು ಕುಗ್ಗಿದ್ದರೆ ಆಪರೇಷನ್ ಫಲ ಕೊಡೋದಿಲ್ಲ" ಎಂದರು ಡಾಕ್ಟರು. ಬೆನ್ನಿನ ಫೋಟೋ ತೆಗೆದಾಗಿತ್ತು. ಮನಸ್ಸು ಮಾತ್ರ ಫೋಟೋಕ್ಕೆ ಸಿಕ್ಕಿರಲಿಲ್ಲ.

ಪರೀಕ್ಷೆ ಮಾಡುವ ಮಹೇಶ್ವರಿ ಮೇಡಂ ರಾಣೆಬೆನ್ನೂರಿನವರು. ಮೆಲ್ಲಗೆ ಕೇಳಿದರು: "ಆಗಾಗ ಕಣ್ಣೀರು ಬರ್ತಾವೇನು?"

"ದಿನಾ ಬರತಾವ್ರಿ. ಅದೇನಂದ್ರ—"

"ಹೌದು, ಇಲ್ಲ, ಅಷ್ಟ ಹೇಳ್ರಿ. ತಪ್ಪು ಮಾಡೇನಿ ಅನಸ್ತದೇನು?"

"ಹೌದ್ರಿ. ಅನಸದಿದ್ರ ನಮಾಜ ಯಾಕ್ರಿ?"

"ಸಾವಿನ ವಿಚಾರ?"

"ಹೌದ್ರಿ."

ದೇವರ ಭಯವಿದ್ದ ಮನುಷ್ಯ ಹೀಗೆ ಒಂದೊಂದೇ ಹೌದು ಹೇಳುತ್ತ ರೋಗಿಯಾದ. ಭಾರಿ ಖಿನ್ನತೆ ಎಂದು ತೀರ್ಮಾನವಾಯಿತು. ಆಪರೇಷನ್ ನಿಂತಿತು.

ಬಸ್ಸಿನಲ್ಲಿ ಬಿಬಿಜಾನ್ ಗೊಣಗಿದಳು. "ಇಲ್ಲ ಅಂದಿದ್ರ ನಿಮ್ಮ ನಾಲಿಗಿ ಸವೀತಿತ್ತೇನು?"

"ಆ ಖೋಲ್ಯಾಗ ಇನ್ನೊಬ್ಬಾಂವ ಕೇಳಾಕತ್ತಿದ್ದ."

"ಯಾರು?"

"ಮ್ಯಾಲಿನಾಂವ."

ಮರುವಾರ ಮಹೇಶ್ವರಿ ಮೇಡಂ ವರ್ಷದ ಖಾರಪುಡಿಗೆ ಕಾಯಿ ಕೊಳ್ಳಲು ಬ್ಯಾಡಗಿಗೆ ಬಂದರು. ಬ್ಯಾಡಗಿ ಕಾಯಿಗೆ ಖಾರ ಕಡಿಮೆ ಎನ್ನುತ್ತಾರೆ. ಪೇಟೆಯ ಧೂಳಿಗೆ ಅದು ಗೊತ್ತಿಲ್ಲ. ರಾಶಿಗಳ ನಡುವೆ ಕಾಲಿಟ್ಟದ್ದೇ ಸೀನು, ಕೆಮ್ಮು, ಇಳಿಯುವ ಕಣ್ಣೀರು. ಹೊರಲಾರದೆ ಚೀಲದ ಬಾಯಿ ಹೊಲಿಯುತ್ತ ಕೂತಿದ್ದ ಮೌಲಾಸಾಬ ತನ್ನ ಟವೆಲ್ ಚಾಚಿದ. ಅವನ ಕಣ್ಣೂ ಸೋರುತ್ತಿತ್ತು. ಸುತ್ತ ಕೂತವರೆಲ್ಲರ ಕಣ್ಣೂ.

ತೊಟ್ಟು ಬಿಡಿಸುತ್ತಿದ್ದ ಬಿಬಿಜಾನ್ ತಲೆಯೆತ್ತಿದಳು. "ಆಗಾಗ ಬರ್ತಾವೇನ್ರಿ ಮೇಡಮ್ಮಾರ?"

"ಅಲ್ಲ, ಇದು—"

"ಹೌದು, ಇಲ್ಲ, ಅಷ್ಟ ಹೇಳ್ರಿ."

"ಹೌದು" ಎಂದಿತು ಟವೆಲ್ಲಿನೊಳಗಿನ ದನಿ.

ಟವೆಲ್ ಅವರ ಜೊತೆಯೇ ರಾಣೆಬೆನ್ನೂರಿಗೆ ಹೋಯಿತು. ಎರಡು ದಿನಕ್ಕೆ ಮೌಲಾಸಾಬನಿಗೆ ಮತ್ತೆ ಕರೆ ಬಂತು. ಅವೇ ಪ್ರಶ್ನೆಗಳು, ಆದರೆ ಈ ಸಲ ಮೇಡಂ ಉತ್ತರ ಮುಗಿಯುವ ತನಕ ಕೂತರು. ಸಾವಿನ ವಿಚಾರಕ್ಕಂತೂ ನಡುವೆ ಚಹಾ ತರಿಸಬೇಕಾಯಿತು.

"ಸೋಮವಾರ ಆಪರೇಷನ್ನಿಗೆ ಬರ್ರಿ" ಎಂದರು ಕೊನೆಗೆ. ಬ್ಯಾಗಿನಿಂದ ಒಗೆದು ಮಡಚಿದ ಟವೆಲ್ ತೆಗೆದರು. ಮೆಣಸಿನಕಾಯಿಯ ಕೆಂಪು ಪೂರ್ತಿ ಬಿಟ್ಟಿರಲಿಲ್ಲ. ಅದನ್ನು ಅವನ ಕೈಗಿಟ್ಟರು.