ಅಕ್ಕನ ಕಾರಿನ ಕಿರುಚಾಟ

ಅಕ್ಕ ಆ ಕಾರನ್ನು ತಂದು ಮನೆ ಮುಂದೆ ನಿಲ್ಲಿಸಿದ ದಿನ ಬೀದಿಯವರೆಲ್ಲ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ನೆಲಕ್ಕೆ ಅಂಟಿಕೊಂಡಂತಿದ್ದ ಹಳದಿ ಸ್ಪೋರ್ಟ್ಸ್ ಕಾರು. ಇದ್ದದ್ದು ಎರಡೇ ಸೀಟು, ಮಡಚಿ ಹಿಂದಕ್ಕೆ ತಳ್ಳಬಹುದಾದ ಬಟ್ಟೆಯ ಛಾವಣಿ. ಹೊಸದೇನಲ್ಲ, ಹಲವರ ಕೈ ದಾಟಿ ಬಂದದ್ದು. ನೇಯ್ಗೆ ಮಿಲ್ಲಿನಲ್ಲಿ ಮಗ್ಗಗಳ ರಿಪೇರಿ ಮಾಡುತ್ತ ತಲೆ ನರೆಸಿಕೊಂಡ ಹೆಂಗಸು, ನಿವೃತ್ತಿಯಾದ ಮೇಲೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಮನೆಯಲ್ಲಿ ಕೂರುತ್ತಾಳೆ ಎಂದುಕೊಂಡಿದ್ದವರಿಗೆ ಇದು ದೊಡ್ಡ ಸುದ್ದಿಯೇ ಆಯಿತು.

ಎಲ್ಲರಿಗಿಂತ ಹೆಚ್ಚು ಸಿಟ್ಟಾದವಳು ತಂಗಿ. ಅವಳು ಮಹಡಿಯ ಮೇಲಿನ ಕೋಣೆಯಲ್ಲಿ ಕಿಟಕಿ ಪರದೆಗಳನ್ನು ಹೊಲಿಯುತ್ತಿದ್ದಳು. ಅಕ್ಕ ಕೆಳಗಿನ ಕೋಣೆಯಲ್ಲಿರುತ್ತಿದ್ದಳು. ಅಡುಗೆಮನೆ ಮೇಲಿತ್ತು, ಹೊತ್ತಿಗೆ ಸರಿಯಾಗಿ ಅಕ್ಕ ತಾನೇ ಮೇಲೆ ಬರುತ್ತಿದ್ದಳು, ಊಟ ಇಬ್ಬರದೂ ಒಟ್ಟಿಗೆ.

"ಈ ವಯಸ್ಸಲ್ಲಿ ನಿನಗ್ಯಾಕೆ ಅಕ್ಕ ಈ ಹುಚ್ಚು? ಜನ ಏನಂತಾರೆ?" ಎಂದಳು ತಂಗಿ.

"ಜನಕ್ಕೇನು, ನಾನು ನಡ್ಕೊಂಡು ಹೋದ್ರೂ ಅಂತಾರೆ. ಬಸ್ಸಲ್ಲಿ ಕೂತ್ರೂ ಕಣ್ಣು ಮುಚ್ಕೊಳ್ಳೋ ನಿನಗೆ ಇದೆಲ್ಲ ಎಲ್ಲಿ ಅರ್ಥ ಆಗ್ಬೇಕು, ಬಿಡು!"

ಮಾತು ಅಷ್ಟಕ್ಕೇ ನಿಂತಿತು. ಆದರೆ ಅಲ್ಲಿಂದಾಚೆಗೆ ಮನೆಯ ಹದ ಕೆಟ್ಟಿತು. ಅಕ್ಕ ತಾನಾಗಿ ಮೇಲೆ ಬರುವುದನ್ನು ನಿಲ್ಲಿಸಿದಳು. ತಂಗಿ ಮೆಟ್ಟಿಲ ತುದಿಯಲ್ಲಿ ನಿಂತು "ಅಕ್ಕಾ, ಊಟಕ್ಕೆ ಬಾ" ಎಂದು ಕೂಗಿದರೆ ಕೆಳಗಿನಿಂದ ಹೂಂ ಇಲ್ಲ, ಉಹೂಂ ಇಲ್ಲ. ಮುನಿಸು ಇನ್ನೂ ಇಳಿದಿಲ್ಲ ಎಂದುಕೊಂಡು ತಂಗಿ ಕೂಗುವುದನ್ನೇ ಬಿಟ್ಟಳು. ತಟ್ಟೆಗೆ ಮುಚ್ಚಳ ಮುಚ್ಚಿ ಕೆಳಗಿನ ಮೆಟ್ಟಿಲ ಮೇಲಿಟ್ಟು ಬರತೊಡಗಿದಳು. ಅಕ್ಕ ಆ ತಟ್ಟೆಯನ್ನು ಒಬ್ಬಳೇ ಕೂತು ಖಾಲಿ ಮಾಡಿ, ತೊಳೆದು ಅಲ್ಲಿಯೇ ಇಡುತ್ತಿದ್ದಳು. ಎದುರಾದರೆ ಎರಡು ಮಾತು, ಅದೂ ಹಾಲಿನ ಬಗ್ಗೆಯೋ ನಲ್ಲಿಯ ಬಗ್ಗೆಯೋ.

ಇತ್ತ ಕಾರಿನ ಕತೆ ಬೇರೆ. ಅದರ ಬ್ರೇಕು ಕಿರುಚುತ್ತಿತ್ತು. ಅಕ್ಕ ಬೀದಿಯ ತಿರುವಿನಲ್ಲಿ ಕಾಲು ಒತ್ತಿದ ಕೂಡಲೇ 'ಕೀಂಂಂ' ಎಂದು ಹಲ್ಲು ಜುಮ್ಮೆನ್ನಿಸುವ ಸದ್ದು. ನಾಯಿಗಳು ಬಾಲ ಮುದುರಿಕೊಂಡು ಓಡುತ್ತಿದ್ದವು. ತಿರುವಿನ ಔಷಧಿ ಅಂಗಡಿಯವನು ಚೀಟಿ ಓದುವುದನ್ನು ನಿಲ್ಲಿಸಿ ಎರಡೂ ಕಿವಿಗೆ ಬೆರಳು ಹಾಕಿಕೊಳ್ಳುತ್ತಿದ್ದ. ಬೀದಿಯಲ್ಲಿ ಕಾರಿಗೆ 'ಹಳದಿ ಸೀಟಿ' ಎಂಬ ಹೆಸರೇ ಬಿತ್ತು. ಆ ಹೆಸರು ಗೊತ್ತಿಲ್ಲದಿದ್ದವಳು ಅಕ್ಕ ಒಬ್ಬಳೇ. ತನ್ನನ್ನು ಕಂಡೊಡನೆ ಜನ ಮುಖ ಕಿವುಚುವುದನ್ನು ಅವಳು ನೋಡುತ್ತಿದ್ದಳು. 'ಹೊಟ್ಟೆಕಿಚ್ಚು' ಎಂದುಕೊಂಡು ಕುತ್ತಿಗೆ ನೆಟ್ಟಗೆ ಮಾಡಿ ಮುಂದೆ ಹೋಗುತ್ತಿದ್ದಳು.

ಒಮ್ಮೆ ಆಯಿಲ್ ಬದಲಿಸಲು ಹೋದಾಗ ಮೆಕ್ಯಾನಿಕ್ ತಾನಾಗಿಯೇ ಕೇಳಿದ: "ಅಕ್ಕಾವ್ರೇ, ಹಾಗೇ ಬ್ರೇಕೂ ನೋಡಿಬಿಡ್ಲಾ?"

"ಯಾಕೆ? ಚೆನ್ನಾಗೇ ಹಿಡಿಯುತ್ತಲ್ಲ."

"ಹಿಡಿಯೋದೇನೋ ಹಿಡಿಯುತ್ತೆ. ಆ ಸದ್ದು..."

"ಯಾವ ಸದ್ದು?"

ಅವನು ಅವಳ ಮುಖ ನೋಡಿ, ಇವರು ತಮಾಷೆಗೆ ಹೇಳುತ್ತಿದ್ದಾರೆ ಎಂದುಕೊಂಡು ನಕ್ಕು ಸುಮ್ಮನಾದ.

ಒಂದು ಬೆಳಿಗ್ಗೆ ತಂಗಿ ಒಂದು ಶಾಲೆಯ ಸಭಾಂಗಣಕ್ಕೆ ಪರದೆಗಳನ್ನು ತಲುಪಿಸಬೇಕಿತ್ತು. ಬರಬೇಕಾದ ವ್ಯಾನು ಕೆಟ್ಟು ನಿಂತಿತು ಎಂದು ಡ್ರೈವರ್ ಫೋನು ಮಾಡಿದ. ಗಂಟುಗಳನ್ನು ಬಾಗಿಲಲ್ಲಿಟ್ಟುಕೊಂಡು ಅವಳು ಅತ್ತಿತ್ತ ನೋಡುತ್ತ ನಿಂತಿದ್ದಾಗ ಅಕ್ಕ ಕಾರು ಒರೆಸುತ್ತಿದ್ದಳು. ಏನೂ ಕೇಳದೆ ಬಂದು ಒಂದು ಗಂಟನ್ನು ಎತ್ತಿ ಸೀಟಿನ ಹಿಂದೆ ತುರುಕಿದಳು.

"ಹತ್ತು," ಎಂದಳು.

ಉಳಿದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ತಂಗಿ ಹತ್ತಿದಳು. ಛಾವಣಿ ತೆರೆದಿತ್ತು. ಗಾಳಿ ಮುಖಕ್ಕೆ ಬಡಿದಾಗ ಅವಳಿಗೆ ಹೆದರಿಕೆಯ ಜೊತೆಗೇ ಖುಷಿಯೂ ಆಯಿತು.

ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಅಕ್ಕ ಬ್ರೇಕು ಒತ್ತಿದಳು. ಕಾರು ಕಿರುಚಿದ ರಭಸಕ್ಕೆ ತಂಗಿ ಗಂಟು ಬಿಟ್ಟು ಎರಡೂ ಕಿವಿ ಮುಚ್ಚಿಕೊಂಡಳು. ಪಕ್ಕದ ಕಾಲುದಾರಿಯಲ್ಲಿ ತಳ್ಳುಗಾಡಿಯೊಳಗೆ ನಿದ್ದೆ ಮಾಡುತ್ತಿದ್ದ ಮಗುವೊಂದು ಬೆಚ್ಚಿ ಎದ್ದು, ಮುಖ ಕೆಂಪು ಮಾಡಿಕೊಂಡು ಅಳತೊಡಗಿತು. ಅದರ ತಾಯಿ ಸುಟ್ಟುಬಿಡುವಂತೆ ಇವರತ್ತ ನೋಡಿದಳು.

"ಏನಾಯ್ತೇ? ತಲೆನೋವಾ?" ಎಂದು ಅಕ್ಕ ಗಾಬರಿಯಿಂದ ಕೇಳಿದಳು.

"ನಿನ್ನ ಬ್ರೇಕು ಕಣೇ ಅಕ್ಕ!"

"ಬ್ರೇಕಿಗೇನಾಯ್ತು?"

ತಂಗಿ ಅವಳನ್ನೇ ದಿಟ್ಟಿಸಿದಳು. ಆ ಮುಖದಲ್ಲಿ ತಮಾಷೆ ಇರಲಿಲ್ಲ. ಹಸಿರು ದೀಪ ಬಂದ ಮೇಲೆ ರಸ್ತೆಯ ಬದಿಗೆ ನಿಲ್ಲಿಸಲು ಹೇಳಿ, "ಮೆಲ್ಲಗೆ ಮುಂದಕ್ಕೆ ಬಿಟ್ಟು ಇನ್ನೊಂದ್ಸಲ ಒತ್ತು" ಎಂದಳು. ಅಕ್ಕ ಒತ್ತಿದಳು. ತಂಗಿಯ ಹಲ್ಲು ಜುಮ್ಮೆಂದಿತು.

"ಈಗ ಏನು ಕೇಳಿಸ್ತು?"

"ಏನೂ ಇಲ್ವಲ್ಲ."

"ಆಗ ಆ ಮಗು ಅಳ್ತಿತ್ತಲ್ಲ, ಅದು ಕೇಳಿಸ್ತಾ?"

ಅಕ್ಕ ಹಿಂದೆ ಬಿಟ್ಟು ಬಂದ ಸಿಗ್ನಲ್ಲಿನತ್ತ ತಿರುಗಿ ನೋಡಿದಳು. "ಅಳೋದು ಕಾಣಿಸ್ತು," ಎಂದಳು.

ಹೇಳಿದ ಮೇಲೆ ತನ್ನ ಮಾತು ತನಗೇ ನಾಟಿತು. ಸ್ಟೀರಿಂಗ್ ಮೇಲಿನ ಕೈ ಜಾರಿ ತೊಡೆಗೆ ಬಂತು.

ತಂಗಿ ಪೂರ್ತಿ ಅವಳತ್ತ ತಿರುಗಿ ಕೇಳಿದಳು: "ಹಾಗಾದ್ರೆ ನಾನು ಮೆಟ್ಟಿಲ ಮೇಲಿಂದ ಊಟಕ್ಕೆ ಕೂಗ್ತಿದ್ದದ್ದು?"

"ನೀನೆಲ್ಲಿ ಕೂಗ್ತಿದ್ದೆ? ಮುಖ ಊದಿಸ್ಕೊಂಡು ತಟ್ಟೆ ತಂದು ಮೆಟ್ಟಿಲ ಮೇಲಿಡ್ತಿದ್ದೆ."

"ಕೂಗಿ ಕೂಗಿ ಗಂಟಲು ಹರಿದುಹೋಯ್ತು ಕಣೇ! ಬೇಕಂತಲೇ ಮಾತಾಡ್ತಿಲ್ಲ ಅಂದ್ಕೊಂಡೆ ನಾನು."

"ಕರೆಯೋಕೂ ಬೇಡವಾದೆ ಅಂದ್ಕೊಂಡೆ ನಾನು."

ತಂಗಿಗೆ ನಗು ಬಂತು, ಅದರ ಬೆನ್ನಿಗೇ ಅಳು. ಅಕ್ಕ ತನ್ನ ಸೆರಗಿನ ತುದಿ ಕೊಟ್ಟಳು.

ಮಿಲ್ಲಿನ ಗದ್ದಲದಲ್ಲಿ ಅಕ್ಕನ ಕಿವಿ ತಿಳಿಯದ ಹಾಗೆ ಸವೆದುಹೋಗಿತ್ತು. ಅಲ್ಲಿ ಎಲ್ಲರೂ ಒಬ್ಬರ ತುಟಿ ಇನ್ನೊಬ್ಬರು ನೋಡಿಯೇ ಮಾತಾಡುತ್ತಿದ್ದರು. ಆ ಅಭ್ಯಾಸ ಮನೆಯಲ್ಲೂ ಅವಳ ಕೈಹಿಡಿದಿತ್ತು. ಎದುರಿಗೆ ನಿಂತವರ ಮಾತೆಲ್ಲ ಅರ್ಥವಾಗುತ್ತಿತ್ತು. ಬೆನ್ನ ಹಿಂದಿನ ಮಾತು, ಮಹಡಿಯ ಮೇಲಿನ ಕೂಗು, ಸಣ್ಣ ಚೂಪು ಸದ್ದುಗಳು ಮಾತ್ರ ಒಂದೊಂದಾಗಿ ಕಳಚಿಹೋಗಿದ್ದವು.

ಪರದೆ ತಲುಪಿಸಿ ಮನೆಗೆ ಬಂದ ಮೇಲೆ ಅಕ್ಕ ಕಾರಿನ ಬೀಗದ ಕೈಯನ್ನು ಮೇಜಿನ ಮೇಲೆ ಹಾಕಿದಳು. "ಇಷ್ಟು ದಿನ ಬೀದಿಯೆಲ್ಲ ನನ್ನ ನೋಡಿ ನಗ್ತಿತ್ತು. ಮಾರಿಬಿಡ್ತೀನಿ."

"ಮಾರ್ತಾಳಂತೆ! ಈ ಕಿರುಚಾಟಾನ ಇನ್ನೊಬ್ರ ತಲೆಗೆ ಕಟ್ಟೋಕಾ?" ತಂಗಿ ಬೀಗದ ಕೈ ಎತ್ತಿ ಅವಳ ಅಂಗೈಯಲ್ಲಿಟ್ಟಳು. "ಮೊದಲು ಬ್ರೇಕು ನೋಡೋಣ. ಆಮೇಲೆ ಕಿವಿ. ಕೈ ನಿನ್ನದು, ಕಿವಿ ನನ್ನದು."

ಭಾನುವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಅಕ್ಕ ಬೀದಿಯಲ್ಲಿ ಕಾರನ್ನು ನಡಿಗೆಯ ವೇಗದಲ್ಲಿ ಬಿಟ್ಟು ಬ್ರೇಕು ಒತ್ತುವುದು, ತಂಗಿ ಕುತ್ತಿಗೆಯಲ್ಲಿ ಅಳತೆ ಟೇಪು ತೂಗುಬಿಟ್ಟುಕೊಂಡೇ ಪಕ್ಕದಲ್ಲಿ ಬಗ್ಗಿ ಓಡುತ್ತ, ಸದ್ದು ಬಂದ ಕೂಡಲೇ ಕೈ ಎತ್ತುವುದು. ಒಮ್ಮೆ ಬಲಗಡೆ ಓಡಿದಳು, ಒಮ್ಮೆ ಎಡಗಡೆ. ಬೀದಿಯವರು ಕಿಟಕಿಗಳಲ್ಲಿ ಸಾಲಾಗಿ ನಿಂತು ನೋಡಿದರು.

"ಮುಂದಿನ ಎರಡೂ," ಎಂದಳು ತಂಗಿ ಏದುಸಿರು ಬಿಡುತ್ತ. "ಎಡಗಡೇದು ಜಾಸ್ತಿ ರಂಪ."

ಅಕ್ಕ ಜಾಕ್ ಕೊಟ್ಟು ಚಕ್ರ ಬಿಚ್ಚಿದಳು. ಒದ್ದೆ ಬಟ್ಟೆಯಿಂದ ಧೂಳು ಒರೆಸಿ, ಬೋಲ್ಟು ಸಡಿಲಿಸಿ, ಚಕ್ರವನ್ನು ಅದುಮಿ ಹಿಡಿಯುವ ಬ್ರೇಕು ಪ್ಯಾಡುಗಳನ್ನು ಹೊರತೆಗೆದಳು. ಅವುಗಳ ಮೈ ಗಾಜಿನಂತೆ ಹೊಳೆಯುತ್ತಿತ್ತು. ಇಬ್ಬರೂ ಅವನ್ನು ಚೀಲದಲ್ಲಿ ಹಾಕಿಕೊಂಡು ಮೆಕ್ಯಾನಿಕ್ ಹತ್ತಿರ ನಡೆದರು.

"ಅಯ್ಯೋ, ಇವು ರೇಸಿಗೆ ಹಾಕೋ ಪ್ಯಾಡು ಅಕ್ಕಾವ್ರೇ," ಎಂದ ಅವನು. "ಹಳೇ ಮಾಲೀಕನ ಕೆಲಸ ಇರ್ಬೇಕು. ಚೆನ್ನಾಗಿ ಕಾದ್ರೆ ತೆಪ್ಪಗಿರ್ತವೆ, ತಣ್ಣಗಿದ್ರೆ ಕಿರುಚ್ತವೆ. ಊರೊಳಗೆ ಓಡಾಡೋಕೆ ಮೆತ್ತನೇದು ಬೇಕು." ನಂತರ ತಡವರಿಸಿ, "ಅವತ್ತೇ ಇನ್ನೊಂದ್ಸಲ ಕೇಳ್ಬೇಕಿತ್ತು ನಾನು" ಎಂದ.

"ಕೇಳಿದ್ರೂ ಕೇಳಿಸ್ಬೇಕಲ್ಲಪ್ಪ," ಎಂದಳು ಅಕ್ಕ. ಹಾಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಎದೆ ಹಗುರವಾಯಿತು.

ಹೊಸ ಪ್ಯಾಡು ಕೂರಿಸಿ ಹೊರಟರೂ ಎಡಗಡೆಯ ಚಕ್ರ ಇನ್ನೂ ಸಣ್ಣಗೆ ಕುಂಯ್‌ಗುಟ್ಟಿತು. ತಂಗಿ ಕೈ ಎತ್ತಿದಳು, ಅಕ್ಕ ಮತ್ತೆ ಬಿಚ್ಚಿದಳು. ಪ್ಯಾಡು ಜಾರಬೇಕಾದ ಪಿನ್ನೊಂದು ತುಕ್ಕು ಹಿಡಿದು ಬಿಗಿಯಾಗಿತ್ತು. ಅದನ್ನು ಉಜ್ಜಿ, ಗ್ರೀಸು ಸವರಿ ಬೆರಳಿನಿಂದ ತಳ್ಳಿ ನೋಡಿದಳು. ಸಲೀಸಾಗಿ ಓಡಿತು. ಮಗ್ಗದ ಮುಂದೆ ಬಗ್ಗಿ ನಿಂತ ಹಳೆಯ ಅಕ್ಕನೇ ಎದುರಿಗಿರುವಂತೆ ತಂಗಿಗೆ ಕಂಡಿತು. ಚಕ್ರ ಹಾಕಿ, ಪೆಡಲನ್ನು ಹಲವು ಸಲ ಒತ್ತಿ ಗಟ್ಟಿ ಮಾಡಿಕೊಂಡು ಊರಾಚೆಯ ಖಾಲಿ ರಸ್ತೆಗೆ ಹೋದರು. ಹೊಸ ಪ್ಯಾಡು ಪಳಗಬೇಕಾದರೆ ಪೂರ್ತಿ ನಿಲ್ಲಿಸದೆ ವೇಗ ಇಳಿಸುತ್ತ, ಮತ್ತೆ ಏರಿಸುತ್ತ ಹೋಗಬೇಕು ಎಂದು ಮೆಕ್ಯಾನಿಕ್ ಹೇಳಿದ್ದ. ಪ್ರತಿ ಸಲ ಒತ್ತಿದಾಗಲೂ ಅಕ್ಕ ಓರೆಗಣ್ಣಿನಿಂದ ತಂಗಿಯ ಮುಖ ನೋಡುತ್ತಿದ್ದಳು. ತಂಗಿ ಕಣ್ಣು ಮುಚ್ಚಿ, ತಲೆ ವಾಲಿಸಿ ಆಲಿಸುತ್ತಿದ್ದಳು. ಕೊನೆಗೆ ಕಣ್ಣು ತೆರೆದು ನಕ್ಕಳು.

"ಏನೂ ಇಲ್ಲ. ಬರೀ ಗಾಳಿ."

"ನಿಜವಾಗ್ಲೂ?"

"ನಿನ್ನಾಣೆ."

ಆ ಸಂಜೆ ತಿರುವಿನಲ್ಲಿ ಹಳದಿ ಕಾರು ಕಂಡ ಕೂಡಲೇ ಔಷಧಿ ಅಂಗಡಿಯವನು ಅಭ್ಯಾಸಬಲದಿಂದ ಕಿವಿಗೆ ಬೆರಳು ಹಾಕಿಕೊಂಡ. ಕಾರು ಸದ್ದಿಲ್ಲದೆ ನಿಧಾನವಾಗಿ ತಿರುಗಿಹೋಯಿತು. ಅವನು ಬೆರಳು ತೆಗೆಯುವುದನ್ನೂ ಮರೆತು ನೋಡುತ್ತ ನಿಂತ.

ಮರುವಾರ ಕಿವಿಯ ಪರೀಕ್ಷೆ. ಗಾಜಿನ ಗೂಡಿನಂಥ ಕೋಣೆಯಲ್ಲಿ ಅಕ್ಕ ಹೆಡ್‌ಫೋನು ಹಾಕಿಕೊಂಡು, ಸದ್ದು ಕೇಳಿದಾಗ ಗುಂಡಿ ಒತ್ತಬೇಕಿತ್ತು. ಹೊರಗಿದ್ದ ತಂಗಿಗೆ ಅವಳ ಬೆರಳು ಬಹಳ ಹೊತ್ತು ಅಲುಗದೇ ಇದ್ದದ್ದು ಕಂಡಿತು. ಡಾಕ್ಟರಮ್ಮ ಮಾತ್ರ ಧೈರ್ಯ ಹೇಳಿದರು. ಹೋದದ್ದು ಮರಳದು, ಆದರೆ ಉಳಿದದ್ದು ಸಾಕಷ್ಟಿದೆ, ಯಂತ್ರ ಹಾಕಿದರೆ ಬಹಳಷ್ಟು ಕೇಳಿಸುತ್ತದೆ, ಅಭ್ಯಾಸವಾಗಲು ಒಂದಷ್ಟು ದಿನ ಬೇಕು, ಅಷ್ಟೆ.

ಕಿವಿಯ ಹಿಂದೆ ಗೋಡಂಬಿಯಷ್ಟು ಸಣ್ಣ ಯಂತ್ರಗಳನ್ನು ಸಿಕ್ಕಿಸಿಕೊಂಡು ಅಕ್ಕ ಹೊರಬಂದ ದಿನ ಬಿಸಿಲು ಚೆನ್ನಾಗಿತ್ತು. ತನ್ನ ಚಪ್ಪಲಿಯ ಸದ್ದಿಗೆ ತಾನೇ ಹಿಂತಿರುಗಿ ನೋಡಿದಳು. ಕಾರಿನಲ್ಲಿ ಕೂತು ಹೊರಟವಳು ಮೊದಲ ತಿರುವಿನ ಹತ್ತಿರ ಬಂದೊಡನೆ ಗಕ್ಕನೆ ಬದಿಗೆ ನಿಲ್ಲಿಸಿದಳು.

"ಏನೇ ಇದು? ಎಲ್ಲೋ ಟಕ್ ಟಕ್ ಅಂತಿದೆ! ಏನೋ ಸಡಿಲ ಆಗಿದೆ, ಇಳಿ ಇಳಿ."

ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇಂಡಿಕೇಟರ್ ಕಣೇ ಅಕ್ಕ. ನೀನೇ ಹಾಕಿದ್ದು."

"ಇದಕ್ಕೆ ಸದ್ದೂ ಇದ್ಯಾ?" ಅಕ್ಕ ಅದನ್ನು ಆರಿಸಿದಳು, ಹಾಕಿದಳು, ಇನ್ನೊಂದು ಬದಿಗೂ ಹಾಕಿ ನೋಡಿದಳು. ಮುಖವೆಲ್ಲ ಬೆಳಕಾಯಿತು. "ಎಷ್ಟು ಚೆಂದ ಇದೆಯಲ್ಲೇ!"

"ಹಾಗಾದ್ರೆ ಎಲ್ಲಾ ತಿರುವಲ್ಲೂ ತಿರುಗಿಸ್ಕೊಂಡು ಹೋಗು. ನನಗೇನೂ ಅವಸರ ಇಲ್ಲ," ಎಂದು ತಂಗಿ ಸೀಟಿಗೆ ಒರಗಿ ಕೂತಳು.

ಅಕ್ಕ ಎಡಕ್ಕೆ ಇಂಡಿಕೇಟರ್ ಹಾಕಿ, ಮನೆಯ ದಾರಿ ಅದಲ್ಲದಿದ್ದರೂ, ಎಡಕ್ಕೇ ತಿರುಗಿಸಿದಳು.